ಫೋಟೊ ಗ್ಯಾಲರಿಯಲ್ಲಿ ಕೊಳೀಬಾರದು, ಊರು ಸುತ್ತಬೇಕು



ನಿಮ್ಮ ಫೋನಿನ ಗ್ಯಾಲರಿ ಒಮ್ಮೆ ತೆರೆದು ನೋಡಿ. ಮದುವೆ, ಜಾತ್ರೆ, ಕ್ರಿಕೆಟ್ ಮ್ಯಾಚಿನ ಫೋಟೊಗಳ ನಡುವೆ ಬೇರೆ ಥರದ ಫೋಟೊಗಳೂ ಸಿಗ್ತವೆ. ಕನ್ನಡ ಶಾಲೆಯ ಗೋಡೆ ಬರಹ. ಹೊಲದ ಬದುವಿನಲ್ಲಿ ಅಡ್ಡ ಬಿದ್ದ ಶಾಸನದ ಕಲ್ಲು. ಒಂದು ಕಾಲಕ್ಕೆ ಕನ್ನಡ ಇದ್ದು ಈಗ ಬಣ್ಣ ಬಳಿಸಿಕೊಂಡ ಬಸ್ ನಿಲ್ದಾಣದ ಬೋರ್ಡು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಕನ್ನಡ ಕ್ರಯಪತ್ರ. ಯಾರೂ ಹೇಳಿಕೊಡದೆ, ಯಾರೂ ದುಡ್ಡು ಕೊಡದೆ ನೀವೇ ತೆಗೆದ ಫೋಟೊಗಳು ಇವು.

ಆಮೇಲೆ ಇವುಗಳ ಗತಿ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ವಾಟ್ಸ್‌ಆಪ್ ಗುಂಪಿಗೆ ಹಾಕ್ತೀವಿ. ನಾಲ್ಕು ಜನ ಕೈ ಮುಗೀತಾರೆ, ಇಬ್ಬರು ಬೆಂಕಿ ಚಿಹ್ನೆ ಒತ್ತುತ್ತಾರೆ. ಮಾರನೇ ದಿನದ ಶುಭೋದಯಗಳ ಅಡಿಯಲ್ಲಿ ಅದು ಮುಳುಗಿ ಹೋಗುತ್ತೆ. ಮೂರು ತಿಂಗಳ ನಂತರ ಯಾರಾದರೂ "ಆ ಕಲ್ಲಿನ ಫೋಟೊ ಇತ್ತಲ್ಲ, ಕಳಿಸಪ್ಪಾ" ಅಂದರೆ ಹುಡುಕಿ ಸಾಕಾಗುತ್ತೆ. ಅಷ್ಟರಲ್ಲಿ ಫೋನು ಬದಲಾಗಿರುತ್ತೆ, ಇಲ್ಲವೇ ಜಾಗ ಸಾಲದೆ ಅಳಿಸಿರ್ತೀವಿ.

ಈ ವಾರದ ಸಂಪಾದಕೀಯ ಒಂದು ಸಣ್ಣ ತಾಂತ್ರಿಕ ವಿದ್ಯೆಯ ಬಗ್ಗೆ. ಬಿಡಿ ಬಿಡಿ ಫೋಟೊಗಳನ್ನು ಒಂದೇ ಸಾಲಿನ ಆಜ್ಞೆಯಿಂದ ವಿಡಿಯೊ ಮಾಡುವ ವಿದ್ಯೆ ಅದು. ಗಡಿ ಕನ್ನಡದ ಪುಟದಲ್ಲಿ ಇದ್ಯಾಕೆ ಅಂತ ಕೇಳಬಹುದು. ಕಾರಣ ಇದೆ. ನಮ್ಮ ಬಳಿ ಇರುವ ಸಾಕ್ಷಿಗಳು ಬಹುಪಾಲು ಫೋಟೊಗಳೇ. ಆದರೆ ಜನ ನೋಡೋದು ವಿಡಿಯೊ. ಶಾಲೆಯ ವಾರ್ಷಿಕೋತ್ಸವದ ಪರದೆ, ಸಂಘದ ಸಭೆ, ಯೂಟ್ಯೂಬ್, ಸ್ಟೇಟಸ್ ಎಲ್ಲ ಕಡೆ ಓಡೋದು ವಿಡಿಯೊ. ಮೂವತ್ತು ಫೋಟೊ ಒಂದೊಂದಾಗಿ ಕಳಿಸಿದರೆ ಯಾರೂ ನೋಡಲ್ಲ. ಅದೇ ಮೂವತ್ತು ಫೋಟೊ ಎರಡೂವರೆ ನಿಮಿಷದ ವಿಡಿಯೊ ಆಗಿ, ಹಿಂದೆ ಊರಿನ ಅಜ್ಜಿಯೊಬ್ಬರ ದನಿ ಇದ್ದರೆ ಕೂತು ನೋಡ್ತಾರೆ.

"ಅದಕ್ಕೆ ಆಪ್ ಇದೆಯಲ್ಲ" ಅಂತೀರಿ. ಇದೆ, ನೂರಾರು ಇವೆ. ಕಷ್ಟ ಎಲ್ಲಿ ಅಂದರೆ, ಅವು ಯಾವುವೂ ನಮ್ಮ ಕೈಯಲ್ಲಿಲ್ಲ. ಒಂದು ತನ್ನ ಮುದ್ರೆಯನ್ನು ನಮ್ಮ ಶಾಸನದ ಮೇಲೆ ಒತ್ತುತ್ತೆ. ಇನ್ನೊಂದು ದುಡ್ಡು ಕಟ್ಟಿದರೇನೇ ಮುದ್ರೆ ತೆಗೀತೀನಿ ಅನ್ನುತ್ತೆ. ಮತ್ತೊಂದರಲ್ಲಿ ಕನ್ನಡ ಬರೆದರೆ ಒತ್ತಕ್ಷರ ಪಕ್ಕಕ್ಕೆ ಸರಿದು ಕೂತಿರುತ್ತೆ. 2020ರ ಜೂನ್ 29ರಂದು ಕೇಂದ್ರ ಸರಕಾರ ಒಟ್ಟಿಗೆ 59 ಆಪ್‌ಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಹೋದದ್ದು ಎಲ್ಲರಿಗೂ ನೆನಪಿದೆ. ಫೋಟೊ ಜೋಡಿಸಿ ವಿಡಿಯೊ ಮಾಡೋಕೆ ತುಂಬ ಜನ ಬಳಸುತ್ತಿದ್ದ ವಿವಾವಿಡಿಯೊ ಕೂಡ ಅದೇ ಪಟ್ಟಿಯಲ್ಲಿತ್ತು. ಆ ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ನಮ್ಮ ದೇಶದ್ದೇ ಆದರೂ ಅಷ್ಟೇ, ಬೆಂಗಳೂರಿನ ಕೂ 2024ರಲ್ಲಿ ಬಾಗಿಲು ಹಾಕಿತು. ಬಾಡಿಗೆ ಮನೆಯಲ್ಲಿ ಎಷ್ಟೇ ಚೆನ್ನಾಗಿ ಸುಣ್ಣ ಬಳಿದರೂ ಮಾಲೀಕ ಎದ್ದು ಹೋಗು ಅಂದರೆ ಹೋಗಲೇಬೇಕು. ಮೊದಲೇ ಗಡಿಯಲ್ಲಿ ಕೂತವರು ನಾವು. ನಮ್ಮ ದಾಖಲೆಗಳನ್ನೂ ಬಾಡಿಗೆ ಮನೆಯಲ್ಲಿ ಇಡೋದು ಬೇಡ.

ಇದಕ್ಕೆ ಸ್ವಂತ ಮನೆಯಂಥ ಒಂದು ಉಪಕರಣ ಇದೆ. ಹೆಸರು ಎಫ್‌ಎಫ್‌ಎಂಪೆಗ್. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರು ಮಾಡಿದ ಯೋಜನೆ. ಆಮೇಲೆ ಲೋಕದ ಮೂಲೆ ಮೂಲೆಯ ಪ್ರೋಗ್ರಾಮರುಗಳು ಸೇರಿ ಬೆಳೆಸಿದರು. ಅದು ಮುಕ್ತ ತಂತ್ರಾಂಶ. ದುಡ್ಡಿಲ್ಲ, ಜಾಹೀರಾತಿಲ್ಲ, ಮುದ್ರೆ ಇಲ್ಲ, ಲಾಗಿನ್ ಇಲ್ಲ. ಒಮ್ಮೆ ಹಾಕಿಕೊಂಡ ಮೇಲೆ ನೆಟ್ ಕೂಡ ಬೇಡ. ನೀವು ಬಳಸುವ ವಿಎಲ್‌ಸಿ ಪ್ಲೇಯರ್‌ನ ಹೊಟ್ಟೆಯಲ್ಲೂ ಇದರದ್ದೇ ಭಾಗಗಳಿವೆ. ಹಳೇ ಕಂಪ್ಯೂಟರಿನಲ್ಲೂ ನಡೆಯುತ್ತೆ. ಕಾಸರಗೋಡು, ವಯನಾಡಿನ ಗೆಳೆಯರು ಶಾಲೆಯ ಲ್ಯಾಬಿನಲ್ಲಿ ಕೈಟ್ ಸಂಸ್ಥೆಯ ಗ್ನೂ ಲಿನಕ್ಸ್ ಬಳಸಿದವರು, ಅವರಿಗೆ ಟರ್ಮಿನಲ್‌ನ ಕಪ್ಪು ಪರದೆ ಹೊಸದೇನಲ್ಲ. ಕಂಪ್ಯೂಟರೇ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆಪ್ ಹಾಕಿ, ಅದರೊಳಗೆ ಎಫ್‌ಎಫ್‌ಎಂಪೆಗ್ ಇಳಿಸಿಕೊಳ್ಳಬಹುದು. ಅದೂ ಉಚಿತ.

ಇದರಲ್ಲಿ ಬಟನ್ ಇಲ್ಲ. ಏನು ಬೇಕು ಅಂತ ಒಂದು ಸಾಲಿನಲ್ಲಿ ಬರೆದು ಎಂಟರ್ ಒತ್ತಬೇಕು. ಬಹಳ ಜನ ಹೆದರೋದು ಇಲ್ಲೇ. ಆದರೆ ಆ ಸಾಲನ್ನು ಬಿಡಿಸಿ ನೋಡಿದರೆ ಅಡುಗೆಯ ಅಳತೆ ಹೇಳಿದಷ್ಟೇ ಸರಳ. ಕೆಳಗಿನದನ್ನು ಓದಿಕೊಳ್ಳಲು ಸುಲಭ ಆಗಲಿ ಅಂತ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ:

ಎಫ್‌ಎಫ್‌ಎಂಪೆಗ್ -ಫ್ರೇಮ್‌ರೇಟ್ 1/5 -ಐ ಊರು-%03ಡಿ.ಜೆಪಿಜಿ -ಸಿ:ವಿ ಲಿಬ್‌ಎಕ್ಸ್264 -ಆರ್ 25 -ಪಿಕ್ಸ್_ಎಫ್‌ಎಂಟಿ ವೈಯುವಿ420ಪಿ ಊರು.ಎಂಪಿ4

ಇಷ್ಟೇ. ಈಗ ಒಂದೊಂದೇ ಪದ ನೋಡೋಣ.

ಫ್ರೇಮ್‌ರೇಟ್ ಅಂದರೆ ಒಂದು ಸೆಕೆಂಡಿಗೆ ಎಷ್ಟು ಚಿತ್ರ. 1/5 ಎಂದು ಬರೆದರೆ ಐದು ಸೆಕೆಂಡಿಗೆ ಒಂದು ಚಿತ್ರ. ಇದನ್ನು ಬರೆಯದೆ ಬಿಟ್ಟರೆ ಎಫ್‌ಎಫ್‌ಎಂಪೆಗ್ ತಾನೇ ಸೆಕೆಂಡಿಗೆ 25 ಅಂತ ತಗೊಳ್ಳುತ್ತೆ. ಆಗ ನಿಮ್ಮ ನಲವತ್ತು ಫೋಟೊ ಎರಡು ಸೆಕೆಂಡಿನೊಳಗೆ ಮಿಂಚಿ ಮಾಯ. 1/5 ಹಾಕಿದರೆ ಅದೇ ನಲವತ್ತು ಫೋಟೊ ಮೂರು ನಿಮಿಷ ಇಪ್ಪತ್ತು ಸೆಕೆಂಡ್ ನಿಲ್ಲುತ್ತೆ. ಇನ್ನೊಂದು ಮಾತು, ಈ ಪದ -ಐ ಗಿಂತ ಮೊದಲೇ ಬರಬೇಕು. ಎಫ್‌ಎಫ್‌ಎಂಪೆಗ್ ಎಡದಿಂದ ಬಲಕ್ಕೆ ಓದುತ್ತೆ. ಯಾವ ಸೂಚನೆಯಾದರೂ ಅದರ ಮುಂದೆ ಬರುವ ಫೈಲಿಗೆ ಅನ್ವಯ.

-ಐ ಅಂದರೆ ಒಳಗೆ ಬರುವ ಸಾಮಗ್ರಿ. ಊರು-%03ಡಿ ಅಂದರೆ ಊರು-001, ಊರು-002, ಹೀಗೆ ಮೂರು ಅಂಕಿಯ ಸರಣಿ. ಇಲ್ಲಿ ಶಿಸ್ತು ಬೇಕು. ನಡುವೆ ಒಂದು ಸಂಖ್ಯೆ ತಪ್ಪಿದರೆ ಎಫ್‌ಎಫ್‌ಎಂಪೆಗ್ ಗಲಾಟೆ ಮಾಡಲ್ಲ, ದೂರು ಹೇಳಲ್ಲ; ಅಲ್ಲಿಗೇ ಸುಮ್ಮನೆ ಮುಗಿಸಿಬಿಡುತ್ತೆ. ಊರು-017 ಇಲ್ಲದಿದ್ದರೆ ವಿಡಿಯೊ 016ಕ್ಕೇ ಕೊನೆ. ವಾಟ್ಸ್‌ಆಪ್ ಕೊಡುವ ಉದ್ದುದ್ದ ಹೆಸರುಗಳನ್ನು ಬಿಟ್ಟು, ಮೊದಲು ಎಲ್ಲ ಫೋಟೊಗಳಿಗೆ ಸಾಲಾಗಿ ನಂಬರ್ ಕೊಡಿ. ಫೈಲಿನ ಹೆಸರಿನಲ್ಲಿ ಖಾಲಿ ಜಾಗ ಬಿಡಬೇಡಿ.

-ಸಿ:ವಿ ಲಿಬ್‌ಎಕ್ಸ್264 ಅಂದರೆ ವಿಡಿಯೊವನ್ನು ಯಾವ ಬಗೆಯಲ್ಲಿ ಕುಗ್ಗಿಸಬೇಕು ಅನ್ನೋದು. ಇದು ಎಚ್.264 ಬಗೆ, ನಮ್ಮೂರ ಹಳೇ ಫೋನು, ಟಿವಿ, ಶಾಲೆಯ ಪ್ರೊಜೆಕ್ಟರ್‌ಗೆ ಜೋಡಿಸಿದ ಲ್ಯಾಪ್‌ಟಾಪ್ ಎಲ್ಲ ಕಡೆ ನಡೆಯುತ್ತೆ. -ಆರ್ 25 ಅಂದರೆ ಹೊರಗೆ ಬರುವ ವಿಡಿಯೊ ಮಾಮೂಲಿ ವೇಗದಲ್ಲಿರಲಿ ಅಂತ. ಒಂದೇ ಫೋಟೊವನ್ನು ಅದು ಬೇಕಾದಷ್ಟು ಸಲ ಪುನರಾವರ್ತಿಸಿ ಐದು ಸೆಕೆಂಡ್ ತುಂಬಿಸುತ್ತೆ. ಇದಿಲ್ಲದಿದ್ದರೆ ಕೆಲವು ಪ್ಲೇಯರ್‌ಗಳು ತಡವರಿಸುತ್ತವೆ.

ಕೊನೆಯ ಪಿಕ್ಸ್_ಎಫ್‌ಎಂಟಿ ಬಣ್ಣ ಬರೆದಿಡುವ ರೀತಿ. "ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡ್ತು, ಫೋನಿಗೆ ಹಾಕಿದರೆ ಓಡ್ತಿಲ್ಲ" ಅನ್ನುವ ಗೋಳಿಗೆ ಬಹುಪಾಲು ಇದನ್ನು ಬಿಟ್ಟದ್ದೇ ಕಾರಣ. ವೈಯುವಿ420ಪಿ ಎಂದು ಬರೆದರೆ ಆ ತೊಂದರೆ ಇಲ್ಲ. ಆದರೆ ಚಿತ್ರದ ಅಗಲ, ಎತ್ತರ ಎರಡೂ ಸಮಸಂಖ್ಯೆ ಆಗಿರಬೇಕು. 1080 ಆಗುತ್ತೆ, 1081 ಆಗಲ್ಲ, ಎರರ್ ಬರುತ್ತೆ. ಹಾಗೆಯೇ ಕೆಲವು ಫೋಟೊ ಅಡ್ಡ, ಕೆಲವು ಉದ್ದ ಇದ್ದರೆ ಶಾಸನದ ಕಲ್ಲು ರೊಟ್ಟಿ ಥರ ಎಳೆದ ಹಾಗೆ ಕಾಣಬಹುದು. ಎಲ್ಲವನ್ನೂ ಒಂದೇ ಅಳತೆಗೆ ತಂದು, ಉಳಿದ ಜಾಗಕ್ಕೆ ಕಪ್ಪು ಪಟ್ಟಿ ಹಾಕುವ ಸ್ಕೇಲ್, ಪ್ಯಾಡ್ ಎಂಬ ಎರಡು ಫಿಲ್ಟರ್ ಇದರಲ್ಲೇ ಇವೆ. ಅಷ್ಟು ರಗಳೆ ಬೇಡ ಅಂದರೆ ಫೋಟೊ ತೆಗೆಯುವಾಗಲೇ ಎಲ್ಲ ಅಡ್ಡವಾಗಿ ತೆಗೆಯಿರಿ.

ವಿದ್ಯೆ ಇಷ್ಟು. ಇದರಿಂದ ನಮಗೇನು ಲಾಭ? ಮೂರು ಕೆಲಸ ಹೇಳ್ತೀವಿ.

ಮೊದಲನೆಯದು ಶಾಸನ. ನಮ್ಮ ಸೀಮೆಗಳಲ್ಲಿ ಶಾಸನಗಳಿಗೆ ಬರವಿಲ್ಲ. ಮಡಕಶಿರಾ ಸೀಮೆಯ ಹೇಮಾವತಿ, ಅಂದಿನ ಹೆಂಜೇರು, ನೊಳಂಬರ ರಾಜಧಾನಿ ಆಗಿತ್ತು. ತೆಲಂಗಾಣದ ಕರೀಂನಗರ ಕಡೆ ಕುರಿಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಹಾಕಿಸಿದ ಶಾಸನದಲ್ಲಿ ಸಂಸ್ಕೃತ, ತೆಲುಗಿನ ಜೊತೆ ಕನ್ನಡ ಇದೆ. ಇವು ಹೆಸರಾದವು. ಹೆಸರಿಲ್ಲದೆ ದೇವಸ್ಥಾನದ ಹಿಂದೆ, ಬಾವಿ ಕಟ್ಟೆಯಲ್ಲಿ, ಬಟ್ಟೆ ಒಗೆಯೋ ಕಲ್ಲಾಗಿ ಬಿದ್ದವು ಇನ್ನೆಷ್ಟೋ. ಮಧ್ಯಾಹ್ನದ ಬಿಸಿಲಲ್ಲಿ ಇಂಥ ಕಲ್ಲಿನ ಫೋಟೊ ತೆಗೆದರೆ ಏನೂ ಕಾಣಲ್ಲ, ಬರೀ ಬಿಳಿ. ಸವೆದ ಅಕ್ಷರ ಕಾಣೋದು ಪಕ್ಕದಿಂದ ಬೆಳಕು ಬಿದ್ದಾಗ, ಅಕ್ಷರದ ಗುಂಡಿಯೊಳಗೆ ನೆರಳು ಕೂತಾಗ.

ಹೀಗೆ ಮಾಡಿ ನೋಡಿ. ಸಂಜೆ ಕತ್ತಲಾಗುವ ಹೊತ್ತಿಗೆ ಫೋನನ್ನು ಸ್ಟ್ಯಾಂಡಿನ ಮೇಲೆ ಅಲುಗಾಡದ ಹಾಗೆ ಇಡಿ. ಇನ್ನೊಬ್ಬರು ಟಾರ್ಚ್ ಹಿಡಿದು, ಕಲ್ಲಿಗೆ ತಾಗುವಷ್ಟು ಓರೆಯಾಗಿ, ಗಡಿಯಾರದ ಹನ್ನೆರಡು ಗಂಟೆಗಳ ದಿಕ್ಕಿನಿಂದ ಒಂದೊಂದೇ ಸಲ ಬೆಳಕು ಬಿಡಲಿ. ಹನ್ನೆರಡು ಫೋಟೊ ತೆಗೆಯಿರಿ. ಈಗ ಫ್ರೇಮ್‌ರೇಟ್ 4 ಎಂದು ಕೊಟ್ಟು ವಿಡಿಯೊ ಮಾಡಿ. ಬೆಳಕು ಕಲ್ಲಿನ ಸುತ್ತ ತಿರುಗಿದ ಹಾಗೆ ಕಾಣುತ್ತೆ. ಒಂದು ಫೋಟೊದಲ್ಲಿ ಕಾಣದ ಕೊಂಬು ಇನ್ನೊಂದರಲ್ಲಿ ಎದ್ದು ಬರುತ್ತೆ. ಒಡಕು ಯಾವುದು, ಅಕ್ಷರ ಯಾವುದು ಅಂತ ಕಣ್ಣಿಗೆ ತಿಳಿಯುತ್ತೆ. ಹನ್ನೆರಡು ಫೋಟೊ ಮೂರೇ ಸೆಕೆಂಡ್ ಆಗುತ್ತೆ, ಅದಕ್ಕೆ -ಐ ಗಿಂತ ಮೊದಲು -ಲೂಪ್ 1, ಕೊನೆಯ ಫೈಲ್ ಹೆಸರಿನ ಮೊದಲು -ಟಿ 15 ಸೇರಿಸಿ. ಹದಿನೈದು ಸೆಕೆಂಡ್ ಸುತ್ತುತ್ತೆ. ಟಿ ಮರೆತರೆ ಆಜ್ಞೆ ನಿಲ್ಲೋದೇ ಇಲ್ಲ, ಡಿಸ್ಕ್ ತುಂಬುವವರೆಗೂ ಬರೆದುಕೊಂಡೇ ಹೋಗುತ್ತೆ. ಆಗ ಕ್ಯೂ ಒತ್ತಿ ನಿಲ್ಲಿಸಬೇಕು. ಇಂಥ ವಿಡಿಯೊವನ್ನು ಹಳಗನ್ನಡ ಬಲ್ಲ ಒಬ್ಬ ಮೇಷ್ಟ್ರಿಗೆ ಕಳಿಸಿದರೆ ಅವರು ಕೂತಲ್ಲೇ ಓದೋಕೆ ಪ್ರಯತ್ನಿಸಬಹುದು. ಒಂದು ಎಚ್ಚರ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಎಣ್ಣೆ, ಕುಂಕುಮ, ಮೈದಾ ಯಾವುದನ್ನೂ ಕಲ್ಲಿಗೆ ಹಚ್ಚಬೇಡಿ. ನೀರು ಹಾಕಿ ಉಜ್ಜಬೇಡಿ. ಬೆಳಕು ಒಂದೇ ಸಾಕು.

ಎರಡನೆಯದು ಬೋರ್ಡು. 2021ರಲ್ಲಿ ಕಾಸರಗೋಡಿನ ಮಧೂರು, ಕಾರಡ್ಕ, ಬೇಡಡ್ಕ, ಮಂಜೇಶ್ವರದಂಥ ಹೆಸರುಗಳು ಮಲಯಾಳಂ ರೂಪಕ್ಕೆ ಬದಲಾಗುತ್ತವೆ ಅನ್ನುವ ಸುದ್ದಿ ಎದ್ದಿತು. ಬೆಂಗಳೂರಿನವರೆಗೂ ಗದ್ದಲ ಆಯ್ತು. ಅಂಥ ತೀರ್ಮಾನ ಆಗಿಲ್ಲ ಅಂತ ಕೇರಳದಿಂದ ಉತ್ತರ ಬಂತು. ಇಂಥ ಹೊತ್ತಲ್ಲಿ ವಾದ ಎರಡೂ ಕಡೆ ಜೋರಾಗಿರುತ್ತೆ, ದಾಖಲೆ ಮಾತ್ರ ಕಡಿಮೆ ಇರುತ್ತೆ. ಬೋರ್ಡಿನಲ್ಲಿ ಯಾವ ವರ್ಷ ಏನು ಬರೆದಿತ್ತು? ಕನ್ನಡ ಯಾವಾಗ ಇತ್ತು, ಯಾವಾಗ ಹೋಯ್ತು? ಅಥವಾ ಹೋಗೇ ಇಲ್ಲವಾ? ಇದನ್ನು ತೋರಿಸೋಕೆ ಒಂದೇ ದಾರಿ. ಒಂದೇ ಜಾಗದಲ್ಲಿ ನಿಂತು, ಒಂದೇ ಕೋನದಿಂದ, ಪ್ರತಿ ವರ್ಷ ಅದೇ ಬೋರ್ಡಿನ ಫೋಟೊ. ನವೆಂಬರ್ 1 ಹೇಗೂ ನೆನಪಿರೋ ದಿನ. 1956ರ ಅದೇ ದಿನ ತಾನೇ ನಾವು ಗೆರೆಯ ಆಚೆ ಉಳಿದದ್ದು. ಧ್ವಜ ಹಾರಿಸಿ ಮನೆಗೆ ಹೋಗುವ ಮೊದಲು ಊರಿನ ಹತ್ತು ಬೋರ್ಡಿನ ಫೋಟೊ ತೆಗೆಯಿರಿ. ಐದು ವರ್ಷದ ನಂತರ ಆ ಫೋಟೊಗಳನ್ನು ಸಾಲಾಗಿ ಓಡಿಸಿದರೆ ಯಾರ ಭಾಷಣವೂ ಬೇಕಿಲ್ಲ.

ಇದಕ್ಕೆ ಕಾನೂನಿನ ನೆಲೆಯೂ ಇದೆ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಒಪ್ಪಿಕೊಂಡ ಸೂತ್ರಗಳ ಪ್ರಕಾರ, ಜಿಲ್ಲೆಯಲ್ಲೋ ಅದಕ್ಕಿಂತ ಕೆಳಗಿನ ತಾಲೂಕಿನಂಥ ಘಟಕದಲ್ಲೋ ಕನಿಷ್ಠ ಶೇ. 15ರಷ್ಟು ಜನ ಆಡುವ ಭಾಷೆಯಲ್ಲಿ ಮುಖ್ಯ ನಿಯಮ, ಸೂಚನೆಗಳನ್ನು ಅನುವಾದಿಸಿ ಪ್ರಕಟಿಸಬೇಕು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಿ ಅನ್ನುತ್ತೆ. 350ಬಿ ಪ್ರಕಾರ ನಮ್ಮ ಅಹವಾಲು ನೋಡೋಕೆ ಒಬ್ಬ ವಿಶೇಷಾಧಿಕಾರಿ ಇದ್ದಾರೆ. ಅವರಿಗೆ "ನಮಗೆ ಅನ್ಯಾಯ ಆಗ್ತಿದೆ" ಅಂತ ಬರೆಯೋದಕ್ಕಿಂತ "ಈ ಸೂಚನಾಫಲಕ, ಈ ದಿನ, ಹೀಗಿತ್ತು" ಅಂತ ಬರೆಯೋದರಲ್ಲಿ ತೂಕ ಜಾಸ್ತಿ.

ಮೂರನೆಯದು ದನಿ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಹಳ್ಳಿಗಳಲ್ಲಿ ಹಿರಿಯರು ಆಡುವ ಕನ್ನಡ ಧಾರವಾಡದಲ್ಲೂ ಸಿಗಲ್ಲ. ತಾಳವಾಡಿಯ ಬೆಟ್ಟದ ಕನ್ನಡದ ರಾಗವೇ ಬೇರೆ, ಆದೋನಿ ರಾಯದುರ್ಗದ ಕನ್ನಡದ ಬಿರುಸೇ ಬೇರೆ. ಕ್ಯಾಮೆರಾ ಮುಂದೆ ಕೂತರೆ ಅಜ್ಜಿ ಮಾತು ನಿಲ್ಲಿಸಿಬಿಡ್ತಾಳೆ. ಫೋನನ್ನು ಪಕ್ಕಕ್ಕಿಟ್ಟು ಬರೀ ದನಿ ರೆಕಾರ್ಡ್ ಮಾಡ್ತೀನಿ ಅಂತ ಹೇಳಿ ಒಪ್ಪಿಗೆ ತಗೊಂಡರೆ ಗಂಟೆಗಟ್ಟಲೆ ಮಾತಾಡ್ತಾಳೆ. ಆ ದನಿಗೆ ಅವಳದೇ ಹಳೇ ಫೋಟೊ, ಮನೆ, ಬೀಸುವ ಕಲ್ಲು, ಕೌದಿಯ ಚಿತ್ರಗಳನ್ನು ಸೇರಿಸಿ ವಿಡಿಯೊ ಮಾಡಬಹುದು. ಆಜ್ಞೆಯಲ್ಲಿ ಎರಡನೇ -ಐ ಬರೆದು ದನಿಯ ಫೈಲಿನ ಹೆಸರು ಕೊಡಬೇಕು. ಒಂದೇ ಫೋಟೊ ಇದ್ದರೆ ಅದರ ಮೊದಲು -ಲೂಪ್ 1 ಹಾಕಿ, ಕೊನೆಯ ಫೈಲ್ ಹೆಸರಿನ ಮೊದಲು -ಶಾರ್ಟೆಸ್ಟ್ ಸೇರಿಸಿದರೆ ಮಾತು ಮುಗಿದಲ್ಲಿಗೆ ವಿಡಿಯೊ ಮುಗಿಯುತ್ತೆ. ಒಂದು ಫೋಟೊ ಎಂಟು ಸೆಕೆಂಡ್, ಇನ್ನೊಂದು ಮೂರು ಸೆಕೆಂಡ್ ನಿಲ್ಲಬೇಕಾ? ಒಂದು ಪಠ್ಯ ಫೈಲಿನಲ್ಲಿ ಫೋಟೊದ ಹೆಸರು, ಅದರ ಕೆಳಗೆ ಅವಧಿ ಅಂತ ಪಟ್ಟಿ ಬರೆದು ಕೊಟ್ಟರೆ ಅದೂ ಆಗುತ್ತೆ. ಇದಕ್ಕೆ ಕಾನ್‌ಕ್ಯಾಟ್ ಅಂತಾರೆ. ಪಟ್ಟಿಯ ಕೊನೆಯ ಫೋಟೊದ ಹೆಸರನ್ನು ಎರಡು ಸಲ ಬರೆಯೋದು ಮರೀಬೇಡಿ, ಇಲ್ಲದಿದ್ದರೆ ಅದು ಕೊಟ್ಟ ಅವಧಿಯಷ್ಟು ನಿಲ್ಲಲ್ಲ.

ಇನ್ನು ಅಕ್ಷರದ ಮಾತು. ವಿಡಿಯೊದಲ್ಲಿ ಕನ್ನಡ ಬರಹ ಬೇಕೇ ಬೇಕು. ಇಲ್ಲೇ ಎಷ್ಟೋ ಆಪ್‌ಗಳು ಕೈ ಕೊಡೋದು. "ಕ್ಷೇತ್ರ" ಅನ್ನೋ ಪದ ಚೂರು ಚೂರಾಗಿ ಬಿದ್ದಿರುತ್ತೆ. ಕನ್ನಡದ ವಿಡಿಯೊದಲ್ಲೇ ಕನ್ನಡ ಮುರಿದು ಕೂತರೆ ನೋಡೋರು ನಗ್ತಾರೆ. ಎಫ್‌ಎಫ್‌ಎಂಪೆಗ್‌ನಲ್ಲಿ ಸುರಕ್ಷಿತ ದಾರಿ ಸಬ್‌ಟೈಟಲ್ಸ್ ಎಂಬ ಫಿಲ್ಟರ್. ಅದರ ಹಿಂದೆ ಲಿಬ್ಆಸ್ ಎಂಬ ತಂತ್ರಾಂಶ ಇದೆ, ಅದಕ್ಕೆ ಒತ್ತಕ್ಷರ ಜೋಡಿಸೋದು ಗೊತ್ತು. ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕಿಕೊಂಡು, ಮಾತುಗಳನ್ನು ಸಮಯದ ಜೊತೆ ಎಸ್‌ಆರ್‌ಟಿ ಫೈಲಿನಲ್ಲಿ ಬರೆಯಬೇಕು. ಹಳೇ ನುಡಿ, ಬರಹದ ಯೂನಿಕೋಡ್ ಅಲ್ಲದ ಬರವಣಿಗೆ ಇಲ್ಲಿ ನಡೆಯಲ್ಲ, ಮೊದಲು ಯೂನಿಕೋಡಿಗೆ ಬದಲಾಯಿಸಿ.

ಈ ಎಸ್‌ಆರ್‌ಟಿ ಫೈಲಿನಿಂದ ಇನ್ನೊಂದು ಲಾಭ ಇದೆ, ಇದು ನಮಗೆ ಬಹಳ ಮುಖ್ಯ. ಚಿತ್ರ ಒಂದೇ, ದನಿ ಒಂದೇ. ಬರಹ ಮಾತ್ರ ಬೇರೆ ಬೇರೆ ಮಾಡಬಹುದು. ಒಂದು ಕನ್ನಡದಲ್ಲಿ, ಇನ್ನೊಂದು ಮರಾಠಿಯಲ್ಲಿ, ಮಗದೊಂದು ಮಲಯಾಳಂ, ತಮಿಳು, ತೆಲುಗಿನಲ್ಲಿ. ನಮ್ಮ ಪಕ್ಕದ ಮನೆಯವರು ಆ ಭಾಷೆಯವರು. ನಮ್ಮ ಜೊತೆ ಒಂದೇ ಬೆಂಚಿನಲ್ಲಿ ಓದಿದವರು. ನಮ್ಮ ಅರ್ಜಿ ಓದುವ ಗುಮಾಸ್ತರೂ ಆ ಭಾಷೆಯವರೇ. ಅವರಿಗೆ ಅರ್ಥವಾಗದ ವಿಡಿಯೊ ನಾವು ನಾವೇ ನೋಡಿಕೊಂಡು ಚಪ್ಪಾಳೆ ಹೊಡೆಯೋದಕ್ಕೆ ಸರಿ. ಅವರ ಭಾಷೆಯಲ್ಲಿ ಬರಹ ಇದ್ದರೆ "ಓಹ್, ಈ ಊರಲ್ಲಿ ಇಷ್ಟು ಹಿಂದಿನಿಂದ ಕನ್ನಡ ಇದೆಯಾ" ಅಂತ ಒಬ್ಬರಾದರೂ ಯೋಚಿಸ್ತಾರೆ. ನಾವು ಯಾರ ಭಾಷೆಯ ಮೇಲೂ ಯುದ್ಧಕ್ಕೆ ಹೊರಟವರಲ್ಲ. ನಮ್ಮದೂ ಇಲ್ಲಿದೆ ಅಂತ ತೋರಿಸೋದಷ್ಟೇ ನಮ್ಮ ಕೆಲಸ.

ಈಗ ಸ್ವಲ್ಪ ಗಟ್ಟಿ ಮಾತು. ವಿಡಿಯೊ ಜನಕ್ಕೆ, ಮೂಲ ಫೋಟೊ ಕಡತಕ್ಕೆ. ಇದನ್ನು ಬರೆದಿಟ್ಟುಕೊಳ್ಳಿ. ವಿಡಿಯೊ ಮಾಡುವಾಗ ಚಿತ್ರ ಕುಗ್ಗುತ್ತೆ, ಗುಣ ಸ್ವಲ್ಪ ಕಡಿಮೆ ಆಗುತ್ತೆ. ಅದು ತಪ್ಪಲ್ಲ, ಅದರ ಸ್ವಭಾವ. ಆದರೆ ವಿಡಿಯೊ ಆಯ್ತಲ್ಲ ಅಂತ ಮೂಲ ಫೋಟೊ ಅಳಿಸಿದರೆ ಸಾಕ್ಷಿ ಹೋದ ಹಾಗೆ. ವಾಟ್ಸ್‌ಆಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೂ ಅದು ಕುಗ್ಗುತ್ತೆ, ತೆಗೆದ ದಿನ, ಜಾಗದ ವಿವರವೂ ಒಳಗಿನಿಂದ ಕಳಚಿ ಹೋಗುತ್ತೆ. ಹಾಗಾಗಿ ಮೂಲವನ್ನು ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಕೊಡಿ. ಎರಡು ಬೇರೆ ಬೇರೆ ಮನೆಯಲ್ಲಿ ಎರಡು ಪ್ರತಿ ಇರಲಿ. ಅರ್ಜಿ ಕೊಡುವಾಗ ಜೊತೆಗಿಡಬೇಕಾದ್ದು ಮೂಲ ಫೋಟೊ, ದಿನಾಂಕ, ಜಾಗದ ಹೆಸರು.

ಚಿತ್ರಕ್ಕೆ ಬಣ್ಣ ಹೆಚ್ಚಿಸೋದು, ಬೇಡದ್ದನ್ನು ಅಳಿಸೋದು, ಎಐ ಬಳಸಿ ಸವೆದ ಅಕ್ಷರ "ಸರಿ ಮಾಡೋದು" ಯಾವುದೂ ಬೇಡ. ಒಂದು ಸುಳ್ಳು ಫೋಟೊ ಸಿಕ್ಕಿಬಿದ್ದರೆ ನೂರು ನಿಜದ ಫೋಟೊಗಳನ್ನೂ ಯಾರೂ ನಂಬಲ್ಲ. ಎಫ್‌ಎಫ್‌ಎಂಪೆಗ್‌ನ ಒಂದು ಒಳ್ಳೆಯ ಗುಣ ಇಲ್ಲಿ ಕೆಲಸಕ್ಕೆ ಬರುತ್ತೆ. ನಾವು ಬರೆದ ಸಾಲೇ ನಾವು ಏನು ಮಾಡಿದೆವು ಅನ್ನೋದಕ್ಕೆ ದಾಖಲೆ. ಫೋಟೊಗಳ ಫೋಲ್ಡರಿನಲ್ಲೇ ಆ ಸಾಲನ್ನು ಒಂದು ಪಠ್ಯ ಫೈಲಿನಲ್ಲಿ ಉಳಿಸಿ. ಯಾರು ಪ್ರಶ್ನಿಸಿದರೂ ಅದೇ ಫೋಟೊ, ಅದೇ ಸಾಲು ಕೊಟ್ಟು "ನೀವೇ ಮಾಡಿ ನೋಡಿ" ಅನ್ನಬಹುದು.

ಇನ್ನೊಂದು ಎಚ್ಚರ ಮಕ್ಕಳ ಬಗ್ಗೆ. ಕನ್ನಡ ಶಾಲೆಯ ದಾಖಲಾತಿ ಕುಸಿದಿದೆ ಅಂತ ತೋರಿಸೋ ಉತ್ಸಾಹದಲ್ಲಿ ಹಾಜರಿ ಪುಸ್ತಕದ ಹೆಸರುಗಳು, ಮಕ್ಕಳ ಮುಖ ವಿಡಿಯೊದಲ್ಲಿ ಬರಬಾರದು. ಖಾಲಿ ಬೆಂಚು ತೋರಿಸಿ, ಸಾಕು. ಕ್ರಯಪತ್ರ, ಪಹಣಿಯಂಥ ಮನೆಯ ಕಾಗದ ತೋರಿಸುವಾಗ ಮನೆಯವರ ಒಪ್ಪಿಗೆ ಕೇಳಿ, ಸರ್ವೆ ನಂಬರ್, ಹೆಸರು ಮುಚ್ಚಿ.

"ಇಷ್ಟೆಲ್ಲ ಕಪ್ಪು ಪರದೆಯಲ್ಲಿ ಟೈಪ್ ಮಾಡೋದು ನಮ್ಮಂಥೋರಿಗೆ ಆಗುತ್ತಾ" ಅನ್ನೋರಿಗೆ ಒಂದೇ ಉತ್ತರ. ಊರಿಗೊಬ್ಬರು ಕಲಿತರೆ ಸಾಕು. ಆಪ್‌ನಲ್ಲಿ ಮಾಡಿದ ಕೆಲಸವನ್ನು ಇನ್ನೊಬ್ಬರಿಗೆ ಹೇಳಿಕೊಡೋದು ಕಷ್ಟ. ಇಲ್ಲಿ ಒತ್ತು, ಅಲ್ಲಿ ಎಳೆ, ಆಮೇಲೆ ಮೇಲೆ ಮೂಲೆಯಲ್ಲಿ ನೋಡು ಅನ್ನಬೇಕು. ಆಪ್ ಹೊಸದಾದರೆ ಆ ಬಟನ್ನೇ ಮಾಯ. ಒಂದು ಸಾಲಿನ ಆಜ್ಞೆ ಹಾಗಲ್ಲ. ಮಂಜೇಶ್ವರದಲ್ಲಿ ಒಬ್ಬಳು ಸರಿ ಮಾಡಿಕೊಂಡ ಸಾಲನ್ನು ಜತ್ತದ ಹುಡುಗ ನಕಲು ಮಾಡಿ ಅಂಟಿಸಿದರೆ ಅಲ್ಲೂ ಅದೇ ಥರ ನಡೆಯುತ್ತೆ. ಹೊಸೂರಿನವರು ಅದಕ್ಕೆ ಒಂದು ಪದ ಸೇರಿಸ್ತಾರೆ, ನಾರಾಯಣಪೇಟೆಯವರು ಇನ್ನೊಂದು. ನಾವು ಐದಾರು ರಾಜ್ಯಗಳಲ್ಲಿ ಚದುರಿ ಹೋದವರು, ಒಂದೇ ಕೋಣೆಯಲ್ಲಿ ಸೇರೋದು ವರ್ಷಕ್ಕೊಮ್ಮೆಯೂ ಕಷ್ಟ. ನಮಗೆ ಒಂದು ಸಾಲಿನಲ್ಲಿ ದಾಟಿಸಬಹುದಾದ ವಿದ್ಯೆಯೇ ಸರಿ.

ಗಡಿ ಎಲ್ಲಿರಬೇಕು ಅನ್ನುವ ವಾದ 1967ರ ಮಹಾಜನ ವರದಿಯಿಂದ ಇಂದಿನವರೆಗೂ ನಡೆದೇ ಇದೆ. ಅದನ್ನು ನಡೆಸೋರು ನಡೆಸಲಿ, ನಾವೂ ದನಿ ಸೇರಿಸೋಣ. ಆದರೆ ಆ ತೀರ್ಪು ಬರುವವರೆಗೆ ಕಲ್ಲು ಸವೆಯೋದು ನಿಲ್ಲಲ್ಲ, ಬೋರ್ಡಿಗೆ ಬಣ್ಣ ಬೀಳೋದು ನಿಲ್ಲಲ್ಲ, ಅಜ್ಜಿಗೆ ವಯಸ್ಸಾಗೋದು ನಿಲ್ಲಲ್ಲ. ಅದಕ್ಕೆ ಕಾಯದೆ ಮಾಡಬಹುದಾದ ಕೆಲಸ ಇದು.

ಈ ತಿಂಗಳ ಕೆಲಸ ಇಷ್ಟು. ನಿಮ್ಮ ಗ್ಯಾಲರಿಯಿಂದ ಒಂದೇ ಊರಿನ ಹನ್ನೆರಡು ಫೋಟೊ ಆರಿಸಿ. 001ರಿಂದ 012ರವರೆಗೆ ನಂಬರ್ ಕೊಡಿ. ಐದು ಸೆಕೆಂಡಿಗೆ ಒಂದರಂತೆ ಒಂದು ನಿಮಿಷದ ವಿಡಿಯೊ ಮಾಡಿ. ಊರಿನ ಹೆಸರು, ತಾಲೂಕು, ಫೋಟೊ ತೆಗೆದ ವರ್ಷ ಕನ್ನಡದಲ್ಲೂ, ನಿಮ್ಮ ರಾಜ್ಯದ ಭಾಷೆಯಲ್ಲೂ ಬರೆಯಿರಿ. ಪುಟಕ್ಕೆ ಕಳಿಸಿ, ಒಂದೊಂದಾಗಿ ಹಾಕ್ತೀವಿ. ಆಜ್ಞೆ ಎಲ್ಲಾದರೂ ತೊಡರಿದರೆ ಪರದೆಯಲ್ಲಿ ಬಂದ ಕೊನೆಯ ನಾಲ್ಕು ಸಾಲನ್ನು ಕಾಮೆಂಟಿನಲ್ಲಿ ಹಾಕಿ, ಗೊತ್ತಿದ್ದೋರು ಬಿಡಿಸಿ ಹೇಳ್ತಾರೆ.